ಅತ್ತೆಯವರ ಬಿಸಿನೀರು ಮತ್ತು ಅರ್ಧ ಚೀಲ ಉಪ್ಪು

ನಮ್ಮ ಅತ್ತೆಯವರು ಸ್ನಾನವಾಗದೆ ಲಿಂಗಪೂಜೆಗೆ ಕೂಡುತ್ತಿರಲಿಲ್ಲ. ಪೂಜೆಯಾಗದೆ ಬಾಯಿಗೆ ಒಂದು ಗುಟುಕು ಚಹಾ ಕೂಡ ಹಾಕುತ್ತಿರಲಿಲ್ಲ. ತಣ್ಣೀರು ಮೈಮೇಲೆ ಬಿದ್ದರೆ ಅವರಿಗೆ ದಮ್ಮು ಏಳುತ್ತಿತ್ತು. ಕಟ್ಟಿಗೆ ಹಚ್ಚಿ ನೀರು ಕಾಯಿಸಿದರೆ ಆ ಹೊಗೆಗೆ ಇನ್ನೂ ಜೋರಾಗಿ ಏಳುತ್ತಿತ್ತು. ಈ ನಾಲ್ಕು ಸಂಗತಿಗಳನ್ನು ಕೂಡಿಸಿ ನೋಡಿದರೆ, ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯ ಒಬ್ಬ ಹಿರಿಯರು ಉಣ್ಣುವುದೂ ಉಪವಾಸ ಇರುವುದೂ ಒಂದು ಗೀಸರಿನ ಮರ್ಜಿಯ ಮೇಲೆ ನಡೆದಿತ್ತು ಎಂಬುದು ಯಾರಿಗಾದರೂ ತಿಳಿಯುತ್ತದೆ. ಗೀಸರಿಗೆ ಮಾತ್ರ ಅದು ತಿಳಿದಿರಲಿಲ್ಲ.

ಗೀಸರ್ ಅಂತ ನಾವು ಪ್ರೆಸ್ಟೀಜಿಗಾಗಿ ಕರೆಯುತ್ತಿದ್ದೆವು. ಖರೇ ಹೇಳಬೇಕೆಂದರೆ ಅದೊಂದು ತಾಮ್ರದ ಡ್ರಮ್ಮು. ಹೊರಗೆ ಬಿಳಿ ಬಣ್ಣ ಬಳಿದ ತಗಡು, ಮೇಲೆ ಮುಚ್ಚಳ, ಕೆಳಗೆ ಹಿತ್ತಾಳೆಯ ನಳ. ಮುಚ್ಚಳ ತೆಗೆದು ಎರಡು ಕೊಡ ನೀರು ಸುರಿಯಬೇಕು, ಪ್ಲಗ್ ಹಾಕಬೇಕು, ಕಾಯಬೇಕು. ಒಳಗೆ ತಳದಲ್ಲಿ ಚಕ್ಕುಲಿಯ ಹಾಗೆ ಸುತ್ತಿದ ಎಲಿಮೆಂಟು ಇತ್ತು. ನಾವು ಇಂಡಿಯಲ್ಲಿದ್ದಾಗ ನಮ್ಮವರು ಸೊಲ್ಲಾಪುರಕ್ಕೆ ಹೋಗಿ ಅದನ್ನು ಕೊಂಡು ತಂದರು. ರೈಲಿನಲ್ಲಿ ಅದಕ್ಕೆ ಸೀಟು ಕೊಟ್ಟು ತಾವು ನಿಂತು ಬಂದರಂತೆ. ಮದುವೆಯಾದ ಮೇಲೆ ಅವರು ನನಗಾಗಿ ಎಂದೂ ಹಾಗೆ ನಿಂತದ್ದು ನೆನಪಿಲ್ಲ.

ನಮ್ಮವರು ಸರ್ವೇ ಖಾತೆಯಲ್ಲಿ ಭೂಮಿ ಅಳೆಯುವ ನೌಕರಿಯಲ್ಲಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಎರಡೆರಡು ಮೂರು ಮೂರು ವರ್ಷಕ್ಕೆ ವರ್ಗ. ಅತ್ತೆಯವರು ಮೊದಲು ದೇವಣಗಾಂವಿಯಲ್ಲಿ, ಒಕ್ಕಲುತನ ಮಾಡುವ ಹಿರಿಯ ಮಗನ ಹತ್ತಿರ ಇದ್ದವರು. ಅಲ್ಲಿ ಬಚ್ಚಲಲ್ಲೇ ಒಲೆ, ಒಲೆಯ ಮೇಲೆ ಹಂಡೆ, ಹಂಡೆಯ ಬುಡಕ್ಕೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ವಿಜಾಪುರದ ಡಾಕ್ಟರು ಎದೆ ಪರೀಕ್ಷೆ ಮಾಡಿ, ಇನ್ನು ಎರಡು ಚಳಿಗಾಲ ಈ ಹೊಗೆ ಕುಡಿದರೆ ಮೂರನೆಯದನ್ನು ಇವರು ನೋಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅದಕ್ಕೇ ಗೀಸರ್ ಬಂತು, ಅದರ ಹಿಂದೆಯೇ ಅತ್ತೆಯವರು ಬಂದರು. ಬಂದ ದಿನವೇ ತಮ್ಮ ಕಂಡಿಷನ್ ಹೇಳಿದರು.

"ಈ ಡಬ್ಬಿ ನಡಿಯೂತನಕ ನಿಮ್ಮಲ್ಲಿ ಇರತೇನಿ. ಇದು ಕೈ ಕೊಟ್ಟ ದಿನ ದೇವಣಗಾಂವಿಗೆ ಹೋಗತೇನಿ."

"ಅಲ್ಲಿ ಹೊಗಿ ಐತಲ್ರಿ ಅತ್ತಿ?" ಅಂದೆ.

"ಹೊಗಿ ಐತಿ. ಆದ್ರ ಹೊಗಿ ಒಂದ ದಿನಾನೂ ರಿಪೇರಿಗೆ ಬಂದಿಲ್ಲ."

ಅಡಿಗೆಯ ಸ್ಟೋವ್ ಇತ್ತಲ್ಲ ಎಂದು ನೀವು ಕೇಳಬಹುದು. ಚಿಮಣಿ ಎಣ್ಣೆ ರೇಷನ್ನಿನಲ್ಲಿ ಬರುತ್ತಿತ್ತು, ಅಡಿಗೆಗೇ ಸಾಲುತ್ತಿರಲಿಲ್ಲ. ಅದರ ವಾಸನೆಗೂ ಅವರು ಕೆಮ್ಮುತ್ತಿದ್ದರು.

ಸೊಸೆಯಾದವಳು ಅತ್ತೆ ಹೋಗುತ್ತೇನೆ ಎಂದರೆ ಮೇಲೆ ಬೇಡ ಬೇಡ ಎಂದು ಒಳಗೆ ಪೆಟ್ಟಿಗೆ ಕಟ್ಟಿಕೊಡುವ ಕಾಲ ಅದು. ನಾನು ಹಾಗಿರಲಿಲ್ಲ. ಇದು ನನ್ನ ದೊಡ್ಡ ಗುಣವೇನಲ್ಲ, ಸ್ವಾರ್ಥ. ನನ್ನ ತಾಯಿ ಹೋದದ್ದು ನನಗೆ ಆರು ವರ್ಷವಿದ್ದಾಗ. ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದೆ. ಅಲ್ಲಿ ಏಳಲಿಕ್ಕೆ ಬೆಲ್, ಪ್ರೇಯರಿಗೆ ಬೆಲ್, ಊಟಕ್ಕೆ ಬೆಲ್. ಹಸಿವಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ, ಬೆಲ್ ಹೊಡೆದರೆ ಹಸಿವಾಗಿದೆ ಎಂದು ಅರ್ಥ. ಮದುವೆಯಾದ ಮೂರನೆಯ ದಿನ ದೇವಣಗಾಂವಿಯ ಪಡಸಾಲೆಯಲ್ಲಿ ಈ ಹೆಂಗಸು ನನ್ನ ಮುಖ ನೋಡಿ, "ಉಂಡೇನ?" ಎಂದು ಕೇಳಿದರು. ನಾನು ಉತ್ತರ ಕೊಡುವ ಬದಲು ಅತ್ತುಬಿಟ್ಟೆ. ಇಂಗ್ಲಿಷ್ ಸಾಲಿ ಕಲಿತವರಿಗೆ ಹೀಗೇನೋ ಆಗುತ್ತದೆ ಎಂದುಕೊಂಡು ಅವರು ಎರಡು ರೊಟ್ಟಿ ಹೆಚ್ಚಿಗೆ ಹಾಕಿದರು. ಅಂಥವರನ್ನು ನಾನು ಒಂದು ಡ್ರಮ್ಮಿನ ತಪ್ಪಿಗಾಗಿ ಹೊಗೆಗೆ ಕಳಿಸಲು ತಯಾರಿರಲಿಲ್ಲ. ಆದ್ದರಿಂದ ಡ್ರಮ್ಮಿನ ರಿಪೇರಿ ನನ್ನ ಡ್ಯೂಟಿಯಾಯಿತು.

ಬೇರೆ ಯಾರೂ ಇರಲಿಲ್ಲ ಎನ್ನುವುದೂ ನಿಜ. ನಮ್ಮವರು ಹೊಲದ ಬಾಂದುಕಲ್ಲು ನೋಡಿ ಅಳತೆ ಹೇಳುತ್ತಿದ್ದರು, ಆದರೆ ಫ್ಯೂಸ್ ಹೋದರೆ ಕತ್ತಲೆಯಲ್ಲಿ ಶಾಂತವಾಗಿ ಕೂಡುತ್ತಿದ್ದರು. ನಮಗೆ ಬೋರ್ಡಿಂಗಿನಲ್ಲಿ ಜನರಲ್ ಸೈನ್ಸ್ ಕಲಿಸಿದ ಸಿಸ್ಟರ್, ಹುಡುಗಿಯರೆಲ್ಲರ ಕೈಯಲ್ಲೂ ಫ್ಯೂಸ್ ವೈರ್ ಕಟ್ಟಿಸಿದ್ದರು. ಪಾಸಿಟಿವ್, ನೆಗೆಟಿವ್, ಅರ್ಥ್ ಎಂದು ಮೂರನ್ನೂ ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಸಿದ್ದರು. ದೇವರ ವಿಷಯದಲ್ಲಿ ಅವರು ಹೇಳಿದ್ದು ನನಗೆ ಅಷ್ಟು ನೆನಪಿಲ್ಲ, ಅರ್ಥಿಂಗ್ ವಿಷಯದಲ್ಲಿ ಹೇಳಿದ್ದು ನೆನಪಿದೆ.

ಇಂಡಿಯಲ್ಲಿ ಮೊದಲ ಕಂಪ್ಲೇಂಟು ಬಂದದ್ದು ಆರನೆಯ ತಿಂಗಳಿಗೆ. ಮುಕ್ಕಾಲು ತಾಸಿಗೆ ಕಾಯುತ್ತಿದ್ದ ನೀರು ಎರಡು ತಾಸು ತೆಗೆದುಕೊಳ್ಳತೊಡಗಿತು. ಅತ್ತೆಯವರ ಊಟ ಹನ್ನೆರಡಕ್ಕೆ ಹೋಯಿತು, ಆಮೇಲೆ ಒಂದಕ್ಕೆ. ನಮ್ಮವರು "ವೋಲ್ಟೇಜ್ ಕಡಿಮಿ ಐತಿ" ಎಂದು ಹೇಳಿ ಆಫೀಸಿಗೆ ಹೋದರು. ನಾನು ಮುಚ್ಚಳ ತೆಗೆದು ನೋಡಿದರೆ ಎಲಿಮೆಂಟಿನ ಮೇಲೆ ಬೆರಳು ದಪ್ಪ ಬಿಳಿ ಸುಣ್ಣ. ಅಲ್ಲಿಯ ಬಾವಿಯ ನೀರು ಎಷ್ಟು ಗಡಸು ಎಂದರೆ ಬೇಳೆ ಬೇಯಿಸಲಿಕ್ಕೆ ಹೋದವರು ಬೇಸತ್ತು ಪಲ್ಯ ಮಾಡುತ್ತಿದ್ದರು. ಅದೇ ನೀರು ಕಾದು ಕಾದು ಸುಣ್ಣ ಬಿಟ್ಟು, ಕಾವೆಲ್ಲ ಆ ಸುಣ್ಣದೊಳಗೇ ಉಳಿಯುತ್ತಿತ್ತು. ಸಿಸ್ಟರ್ ಇಂಥದ್ದಕ್ಕೆ ವಿನೆಗರ್ ಹಾಕಬೇಕೆಂದು ಕಲಿಸಿದ್ದರು. ಇಂಡಿಯ ಬಜಾರಿನಲ್ಲಿ ವಿನೆಗರ್ ಕೇಳಿದೆ. ಅಂಗಡಿಯವ ಬಹಳ ವಿಚಾರ ಮಾಡಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿ ತೋರಿಸಿದ.

ಮನೆಗೆ ಬಂದು ಹುಣಸೆಹಣ್ಣು ಹಿಂಡಿ, ತಾಮ್ರದ ಕೊಡ ತಿಕ್ಕುವಷ್ಟು ಗಟ್ಟಿಯಾಗಿ ಕಲಸಿ, ಡ್ರಮ್ಮಿನಲ್ಲಿ ಸುರಿದು ಒಂದು ಹಗಲು ಬಿಟ್ಟೆ. ಸಂಜೆ ಸುಣ್ಣವು ಮೊಟ್ಟೆಯ ಸಿಪ್ಪೆಯ ಹಾಗೆ ಎದ್ದು ಬಂತು. ಅತ್ತೆಯವರು ಬಚ್ಚಲ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

"ಇದನ್ನ ನಿಮ್ಮ ಸಾಲ್ಯಾಗ ಕಲಿಸಿದ್ರೇನ?"

"ವಿನೆಗರ್ ಅಂತ ಕಲಿಸಿದ್ರು ಅತ್ತಿ. ಅದೂ ಹುಳಿನ."

"ಹುಣಸಿಹಣ್ಣು ಅಂತ ಯಾಕ ಕಲಿಸಲಿಲ್ಲ?"

"ನಮ್ಮ ಸಿಸ್ಟರ್ ಐರ್ಲಂಡದವರಿದ್ರು."

"ಪಾಪ," ಅಂದರು ಅತ್ತೆ. "ಗಿಡಾ ಇಲ್ಲದ ಊರು ಕಾಣಸ್ತೈತಿ."

ಸಿಂದಗಿಯದು ಹೆಚ್ಚು ಹೇಳುವಂಥದ್ದಲ್ಲ. ಹೊಲ ಅಳೆಯುವಾಗ ಗುಂಟೆಯೊಳಗಿನ ಆಣೆಯನ್ನೂ ಬಿಡದ ನಮ್ಮವರು, ಒಂದು ಮುಂಜಾನೆ ತಾಯಿಯ ಸೇವೆ ಮಾಡಬೇಕೆಂದು ಎದ್ದು, ಡ್ರಮ್ಮಿನಲ್ಲಿ ನೀರಿದೆಯೋ ಇಲ್ಲವೋ ನೋಡದೆ ಪ್ಲಗ್ ಹಾಕಿದರು. ಖಾಲಿ ಡ್ರಮ್ಮು ಕೆಂಪಗೆ ಕಾದು ಎಲಿಮೆಂಟು ಸುಟ್ಟಿತು. ಹೊಸದು ಸೊಲ್ಲಾಪುರದಿಂದ ಬರುವುದಕ್ಕೆ ನಾಲ್ಕು ದಿನ. ನಾಲ್ಕೂ ದಿನ ಸ್ಟೋವಿನ ಮೇಲೆ ಸಣ್ಣ ಸಣ್ಣ ಪಾತ್ರೆಯಲ್ಲಿ ನೀರು ಕಾಯಿಸಿ ಕೊಟ್ಟೆ, ಅವರು ಕೆಮ್ಮುತ್ತ ಕೆಮ್ಮುತ್ತ ಪೂಜೆ ಮಾಡಿದರು. ನಾಲ್ಕನೆಯ ದಿನ ಸೀರೆಗಳನ್ನು ಚೀಲದಲ್ಲಿ ಇಟ್ಟುಕೊಂಡದ್ದೂ ಆಗಿತ್ತು. ಎಲಿಮೆಂಟು ಬಂತು, ಕೂಡಿಸಿದೆ, ಸೀರೆಗಳು ಮತ್ತೆ ಟ್ರಂಕಿಗೆ ಹೋದವು.

ನಿಜವಾದ ಕತೆ ಮುದ್ದೇಬಿಹಾಳದ್ದು.

ಅಲ್ಲಿ ನಮಗೆ ಸಿಕ್ಕ ಬಾಡಿಗೆ ಮನೆಗೆ ಹಿಂದೆ ಒಂದು ಹಿತ್ತಲಿತ್ತು. ಅತ್ತೆಯವರು ದೇವಣಗಾಂವಿಯಿಂದ ತಂದ ಒಂದು ಬಿಲ್ವಪತ್ರಿಯ ಸಸಿ ಇಂಡಿಯಲ್ಲೂ ಸಿಂದಗಿಯಲ್ಲೂ ಎಣ್ಣೆಡಬ್ಬಿಯಲ್ಲೇ ದಿನ ಕಳೆದಿತ್ತು. ಇಲ್ಲಿ ಅದಕ್ಕೆ ನೆಲ ಸಿಕ್ಕಿತು. ಅತ್ತೆಯವರೇ ಕುಂಟೆ ಹಿಡಿದಂತೆ ಬಗ್ಗಿ ಗುಂಡಿ ತೋಡಿ ಹಚ್ಚಿದರು. ಒಂದು ಮಳೆಗಾಲಕ್ಕೆ ಟೊಂಕದ ಮಟ್ಟ ಬಂತು. ದಿನಾ ಪೂಜೆಗೆ ಅದರ ಮೂರು ಎಲೆ, ಪೂಜೆಯಾದ ಮೇಲೆ ಅದರ ಬುಡಕ್ಕೆ ಒಂದು ಕೊಡ ನೀರು. ಈ ವ್ಯವಹಾರದಲ್ಲಿ ಇಬ್ಬರಿಗೂ ತಕರಾರು ಇರಲಿಲ್ಲ.

ಆ ಮನೆಯ ವೈರಿಂಗ್ ಹಳೆಯದು. ಎಲ್ಲ ಕಡೆ ಎರಡೇ ತಂತಿ, ಮೂರನೆಯದಾದ ಅರ್ಥ್ ಇರಲೇ ಇಲ್ಲ. ಡ್ರಮ್ಮಿನ ತಗಡಿಗೆ ಕರೆಂಟು ಬಂದರೆ ಅದು ಹೋಗಲಿಕ್ಕೆ ದಾರಿ ಬೇಕು. ದಾರಿ ಇಲ್ಲದಿದ್ದರೆ ಮನುಷ್ಯರ ಮೈಯೇ ದಾರಿ. ಇಷ್ಟು ನನಗೆ ಗೊತ್ತಿತ್ತು. ಅರ್ಥಿಂಗ್ ಆಗದೆ ಪ್ಲಗ್ ಹಾಕುವುದಿಲ್ಲ ಎಂದು ಹಟ ಹಿಡಿದು ಲೈಟಿನ ಮಿಸ್ತ್ರಿಯನ್ನು ಕರೆಸಿದೆ. ಅತ್ತೆಯವರು ಅಷ್ಟರಲ್ಲಿ ಒಂದು ಮದುವೆಗೆಂದು ಹೂವಿನ ಹಿಪ್ಪರಗಿಗೆ ಹೋಗಿದ್ದರು, ಮೂರು ದಿನ.

ಮಿಸ್ತ್ರಿ ವಯಸ್ಸಾದವರು, ಊರಿನ ಮಸೀದಿಗೂ ಮಠಕ್ಕೂ ಅವರೇ ದೀಪ ಕೂಡಿಸುತ್ತಿದ್ದರು. ಹಿತ್ತಲೆಲ್ಲ ತಿರುಗಾಡಿ, ಕಾಲಿನಿಂದ ಅಲ್ಲಲ್ಲಿ ಒದ್ದು ನೋಡಿ, ಬಂದು ಪತ್ರಿಗಿಡದ ಹತ್ತಿರ ನಿಂತರು.

"ಅರ್ಥಿಂಗಿಗೆ ಹಸಿ ನೆಲಾ ಬೇಕ್ರಿ ಬಾಯಾರ. ಒಣಗಿದ ಮಣ್ಣಾಗ ಅದು ಸತ್ತಂಗ. ಈ ಹಿತ್ತಲದಾಗ ದಿನಾ ನೀರು ಕುಡಿಯೂ ಜಾಗಾ ಅಂದ್ರ ಇದೊಂದ. ಆಯಿ ಮುಂಜಾನಿಗೊಮ್ಮಿ ಕೊಡಾ ಸುರೀತಾರಲ್ಲ, ನಮಗ ಪುಕ್ಕಟೆ ಸರ್ವಿಸ್."

ಇದು ನನಗೆ ಬಹಳ ಇಂಟೆಲಿಜೆಂಟ್ ಅನಿಸಿತು. "ಇಲ್ಲೇ ಹೊಡೀರಿ ಮಿಸ್ತ್ರಿ" ಅಂದೆ. ಅವರು ಗಿಡದಿಂದ ಒಂದು ಗೇಣು ಬಿಟ್ಟು ಎದೆಯಾಳದ ಗುಂಡಿ ತೆಗೆಸಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರು ಇದ್ದಲಿ ಒಂದು ಪದರು ಹರಳುಪ್ಪು, ಹೀಗೆ ತುಂಬಿದರು. ಇದ್ದಲಿ ಹಸಿ ಹಿಡಿಯುತ್ತದೆ, ಉಪ್ಪು ಕರೆಂಟನ್ನು ಬೇಗ ಎಳೆಯುತ್ತದೆ. ಉಪ್ಪು ಅರ್ಧ ಚೀಲ ಹಿಡಿಯಿತು. ಸಿಸ್ಟರ್ ಇದ್ದಿದ್ದರೆ ಪಾಠ ಬೋರ್ಡಿನ ಮೇಲೆ ಬರೆದಂತೆ ಇದೆ ಎಂದು ಮೆಚ್ಚುತ್ತಿದ್ದರು. ಸಿಸ್ಟರ್ ಸೈನ್ಸ್ ಕಲಿಸಿದ್ದರು, ಒಕ್ಕಲುತನ ಕಲಿಸಿರಲಿಲ್ಲ.

ಅತ್ತೆಯವರು ಮದುವೆಯಿಂದ ಬಂದು ಪೈಪನ್ನು ನೋಡಿದರು. "ಇದೇನವ್ವಾ?"

"ಡಬ್ಬಿಗಿ ಕಾವಲು ಅತ್ತಿ. ಕರೆಂಟ್ ತಪ್ಪಿ ಬಂದ್ರ ಇದರಾಗ ಇಳಿದು ನೆಲಕ್ಕ ಹೋಗತೈತಿ."

"ಚಲೋ ಆತು," ಎಂದು ಆ ಕಾವಲಿನ ಮೇಲೂ ಎರಡು ಬೊಗಸೆ ನೀರು ಹಾಕಿದರು.

ಎರಡು ತಿಂಗಳಲ್ಲಿ ಪತ್ರಿಗಿಡದ ಎಲೆಯ ಅಂಚು ಕಂದಿತು. ಆಮೇಲೆ ಎಲೆ ಹಳದಿಯಾಯಿತು, ಉದುರಿತು. ಅತ್ತೆಯವರು ಒಂದು ಕೊಡ ಹಾಕುವಲ್ಲಿ ಎರಡು ಕೊಡ ಹಾಕಿದರು, ಅದು ಇನ್ನೂ ಬೇಗ ಒಣಗಿತು. ನಾನೂ ನೋಡುತ್ತಿದ್ದೆ, ಹುಳ ಹತ್ತಿರಬೇಕು, ಬಿಸಿಲಿರಬೇಕು ಎಂದುಕೊಂಡೆ. ಬೇಸಿಗೆಯ ಮುಂದೆ ಅದು ಬರೇ ಕಡ್ಡಿಯಾಗಿ ನಿಂತಿತು. ಅಂದಿನಿಂದ ಅತ್ತೆಯವರು ಅಲ್ಲಿಗೆ ನೀರು ಒಯ್ಯುವುದನ್ನು ನಿಲ್ಲಿಸಿದರು. ಕಿತ್ತು ಹಾಕಲೂ ಇಲ್ಲ.

ಊಟವೂ ಕಡಿಮೆಯಾಯಿತು. ರಾತ್ರಿಯ ಊಟ ಬೇಡ ಎಂದರು. ಯಾಕೆ ಎಂದು ಕೇಳಿದರೆ ಮೊದಲು ಹೇಳಲಿಲ್ಲ, ಎಂಟು ದಿನದ ಮೇಲೆ ಹೇಳಿದರು.

"ಪತ್ರಿ ಸುಮ್ಮಸುಮ್ಮನ ಒಣಗೂದಿಲ್ಲ ತಂಗಿ. ನನ್ನ ಪೂಜಾದಾಗ ಏನೋ ಕುಂದು ಆಗೇತಿ. ಬೆಂಕಿ ಕಾಣದ ನೀರು ಮೈಮ್ಯಾಗ ಹಾಕ್ಕೊಂಡು ಲಿಂಗ ಮುಟ್ಟಾಕತ್ತೇನಿ. ಅದಕ ನನ್ನ ಪತ್ರಿ ಬ್ಯಾಡ ಆಗಿರಬೇಕು."

ನಾನು ಕರೆಂಟೂ ಒಂದು ಬೆಂಕಿಯೇ ಎಂದು ವಾದ ಮಾಡಿದೆ. ಅವರು ಕೇಳಿಸಿಕೊಂಡರು. ಅವರು ಕೇಳಿಸಿಕೊಳ್ಳುವುದೆಂದರೆ ಒಪ್ಪುವುದಲ್ಲ, ಎದುರಿನವರು ಮಾತು ಮುಗಿಸಲಿ ಎಂದು ಕಾಯುವುದು. ದಿನಕ್ಕೆ ಒಂದೇ ಹೊತ್ತು ಉಣ್ಣುವ ಅರವತ್ತೆಂಟರ ಹೆಂಗಸು ಎಷ್ಟು ದಿನ ನಡೆಯುತ್ತಾರೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕತೊಡಗಿದ್ದೆ.

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ನಮ್ಮವರು ತಂಗಡಗಿಯ ಕಡೆ ಹೊಳೆದಂಡೆಯ ಹೊಲಗಳನ್ನು ಅಳೆಯಲು ಹೋಗಿದ್ದರು, ಮರುದಿನ ಸಂಜೆಗೆ ಬರುವವರು. ನಾನು ಅಡಿಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದೆ. ಬಚ್ಚಲಿಂದ "ಯವ್ವಾ!" ಎಂಬ ದನಿ, ಹಿಂದೆಯೇ ತಂಬಿಗೆ ಬಿದ್ದ ಸಪ್ಪಳ. ಓಡಿ ಹೋಗಿ ಮೊದಲು ಹೊರಗಿನ ಗೋಡೆಯ ಮೇಲಿನ ಪ್ಲಗ್ ಕಿತ್ತೆ, ಆಮೇಲೆ ಒಳಗೆ ಹೋದೆ. ಅತ್ತೆಯವರು ಬಚ್ಚಲಗಲ್ಲಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಮೈಗೆ ಏನೂ ಆಗಿರಲಿಲ್ಲ. ಆದರೆ ಮುಖ ನೋಡಿದರೆ ಯಾರೋ ಸಂಬಂಧಿಕರೇ ಕೆನ್ನೆಗೆ ಹೊಡೆದ ಹಾಗಿತ್ತು.

"ನಳಾ ಮುಟ್ಟಿದೆ. ನಿನ್ನ ಡಬ್ಬಿ ನನ್ನ ಹೊಡೀತು."

"ಎದಿ ಹೆಂಗ ಐತ್ರಿ? ಉಸರು?"

"ಉಸರು ಐತಿ, ಮಾತಾಡಾಕತ್ತೇನಲ್ಲ. ನನ್ನ ಸೀರಿ ತಾ. ಇವತ್ತ ಸ್ನಾನಾ ಇಲ್ಲ. ನಾಳಿ ಮುಂಜಾನಿ ತಾಳಿಕೋಟಿ ಮ್ಯಾಲಿನ ಸಿಂದಗಿ ಬಸ್ಸಿಗೆ ನನ್ನ ಹತ್ತಸು."

ಹಳೆಯ ಸೀರೆಯನ್ನೇ ಸುತ್ತಿಕೊಂಡು ಪಡಸಾಲೆಯಲ್ಲಿ ಗೋಡೆಗೆ ಆತು ಕೂತರು. ಸ್ನಾನ ಇಲ್ಲ ಎಂದರೆ ಪೂಜೆ ಇಲ್ಲ, ಪೂಜೆ ಇಲ್ಲ ಎಂದರೆ ಆ ದಿನದ ಒಂದು ಹೊತ್ತೂ ಇಲ್ಲ. ನಾದಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ನಾನು ಟೆಸ್ಟರ್ ಹುಡುಕಿದೆ.

ಸ್ಕ್ರೂಡ್ರೈವರಿನ ಹಿಡಿಕೆಯಲ್ಲಿ ಒಂದು ಸಣ್ಣ ದೀಪ ಇರುವ ಟೆಸ್ಟರ್. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಪ್ಲಗ್ ಹಾಕಿ, ಟೆಸ್ಟರನ್ನು ನಳಕ್ಕೆ ತಾಗಿಸಿದೆ. ದೀಪ ಹತ್ತಿತು. ಪ್ಲಗ್ ತೆಗೆದೆ, ದೀಪ ಹೋಯಿತು. ತಂತಿಗಳ ಜೋಡಣೆಯನ್ನು ಬಿಚ್ಚಿ ನೋಡಿದೆ, ಎಲ್ಲೂ ಸುಟ್ಟಿರಲಿಲ್ಲ, ತಗಡಿಗೆ ತಾಗಿರಲಿಲ್ಲ. ಮುಚ್ಚಳ ತೆಗೆದು ಬಗ್ಗಿ ನೋಡಿದಾಗ ನೀರಿನ ಕೆಳಗೆ ಎಲಿಮೆಂಟಿನ ಮೈಮೇಲೆ ಕೂದಲೆಳೆಯಂಥ ಸೀಳು ಕಂಡಿತು. ಅಲ್ಲಿಂದಲೇ ಕರೆಂಟು ನೀರಿಗೆ, ನೀರಿನಿಂದ ನಳಕ್ಕೆ. ಇದು ಅರ್ಧ ಉತ್ತರ. ಎಲಿಮೆಂಟು ಸೀಳಿದರೆ ಸೀಳಲಿ, ಅರ್ಥಿಂಗ್ ಇದೆಯಲ್ಲ? ಕರೆಂಟೆಲ್ಲ ಆ ಪೈಪಿಗೆ ಇಳಿದು ಫ್ಯೂಸ್ ಹಾರಿಹೋಗಬೇಕಿತ್ತು. ಫ್ಯೂಸ್ ಹಾರಿರಲಿಲ್ಲ. ಕಾವಲುಗಾರ ಎಲ್ಲಿ ಹೋದ?

ಅರ್ಥ್ ತಂತಿಯನ್ನೇ ಹಿಡಿದುಕೊಂಡು ಹಿತ್ತಲಿಗೆ ನಡೆದೆ. ತಂತಿ ಪೈಪಿಗೆ ಗಟ್ಟಿಯಾಗಿತ್ತು. ಪೈಪಿನ ಸುತ್ತ ನೆಲ ಬಿರಿದು, ಬಿರುಕಿನಲ್ಲಿ ನನ್ನ ಬೆರಳು ಹೋಗುವಷ್ಟಾಗಿತ್ತು. ಕಬ್ಬಿಣದ ಸಲಾಕೆಯಿಂದ ಮೊಣಕಾಲಾಳ ಅಗೆದೆ. ಮಣ್ಣು ಹಿಟ್ಟಿನಂತೆ ಉದುರಿತು, ಇದ್ದಲಿ ಒಣ ಒಣ. ಎರಡು ತಿಂಗಳಿಂದ ಅಲ್ಲಿ ನೀರೇ ಬಿದ್ದಿರಲಿಲ್ಲ. ಗಿಡ ಒಣಗಿತು ಎಂದು ಅತ್ತೆಯವರು ನೀರು ಬಿಟ್ಟರು, ನೀರು ಬಿಟ್ಟದ್ದಕ್ಕೆ ಅರ್ಥಿಂಗ್ ಒಣಗಿತು.

ಸಲಾಕೆಗೆ ಬಿಳಿ ಪುಡಿ ಹತ್ತಿತ್ತು. ಪತ್ರಿಗಿಡದ ಬುಡದ ಸುತ್ತ ನೆಲದ ಮೇಲೂ ಅದೇ ಬಿಳಿ, ಹೆಪ್ಪಿನ ಹಾಗೆ ಕಟ್ಟಿತ್ತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಉಪ್ಪು.

ಅತ್ತೆಯವರು ದಿನಾ ಭಕ್ತಿಯಿಂದ ಹಾಕಿದ ಒಂದೊಂದು ಕೊಡ ನೀರೂ ಅರ್ಧ ಚೀಲ ಉಪ್ಪನ್ನು ಕರಗಿಸಿ ಬೇರಿಗೆ ಮುಟ್ಟಿಸಿತ್ತು. ಜಾಗ ಆರಿಸಿದ್ದು ಮಿಸ್ತ್ರಿ, ಹೂಂ ಅಂದದ್ದು ನಾನು.

ಸುಮ್ಮನಿದ್ದರೆ ಏನಾಗುತ್ತಿತ್ತು ಎಂದೂ ವಿಚಾರ ಮಾಡಿದೆ. ನಾಲ್ಕು ಕೊಡ ನೀರು ಸುರಿದು, ಎಲಿಮೆಂಟು ಬದಲಿಸಿ, ರಿಪೇರಿ ಆಯಿತು ಎಂದು ಹೇಳಬಹುದಿತ್ತು. ಅವರು ಹೋಗುವುದನ್ನು ನಿಲ್ಲಿಸಿದರೂ ತಮ್ಮ ಪೂಜೆಯಲ್ಲಿ ಕುಂದಿದೆ ಎಂದು ಒಂದೇ ಹೊತ್ತು ಉಂಡುಕೊಂಡು ಇರುತ್ತಿದ್ದರು. ಹೇಳಿದರೆ, ಬಿಲ್ವಪತ್ರಿಯ ಬುಡಕ್ಕೆ ಉಪ್ಪು ಹಾಕಿಸಿದ ಸೊಸೆಯ ಮನೆಯಲ್ಲಿ ಯಾವ ಅತ್ತೆ ಉಳಿಯುತ್ತಾಳೆ? ಬೋರ್ಡಿಂಗಿನಲ್ಲಿ ಕನ್ಫೆಷನ್ನಿಗೆ ಕ್ರಿಶ್ಚಿಯನ್ ಹುಡುಗಿಯರಷ್ಟೇ ಹೋಗುತ್ತಿದ್ದರು, ನಾವು ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದೆವು. ನನಗೆ ಪ್ರಾಕ್ಟೀಸ್ ಇರಲಿಲ್ಲ.

ಕೈ ತೊಳೆಯದೆಯೇ ಪಡಸಾಲೆಗೆ ಹೋಗಿ ಅವರ ಮುಂದೆ ಕೂತೆ.

"ಅತ್ತಿ, ಪತ್ರಿಗಿಡಾ ನಿಮ್ಮ ಪೂಜಾದಿಂದ ಒಣಗಿಲ್ರಿ. ಅದರ ಬುಡಕ್ಕ ಉಪ್ಪು ಬಿದ್ದೈತಿ."

"ಯಾರ ಹಾಕಿದ್ರು?"

"ಆ ಪೈಪಿನ ಸುತ್ತ ಹಾಕಬೇಕಾಗತೈತ್ರಿ. ಮಿಸ್ತ್ರಿ ಜಾಗಾ ತೋರಿಸಿದ್ರು, ನಾ ಹೂಂ ಅಂದೆ. ನೀವು ಹಿಪ್ಪರಗಿಗೆ ಹೋದಾಗ."

ಅತ್ತೆಯವರು ನನ್ನ ಕೈಯ ಮಣ್ಣನ್ನು ನೋಡಿದರು.

"ಎಷ್ಟು ಉಪ್ಪು?"

"ಅರ್ಧ ಚೀಲರಿ."

"ಹರಳೋ ಪುಡೀನೋ?"

"ಹರಳು."

"ಹರಳಾದ್ರ ನಿಧಾನ ಇಳಿದಿರತೈತಿ," ಎಂದು ತಮ್ಮಷ್ಟಕ್ಕೇ ಅಂದರು. "ಅದಕ ಎರಡ ತಿಂಗಳು ಹಿಡೀತು. ಮಿಸ್ತ್ರಿ ಅಂವ ಹೊಲಾ ಮಾಡಿದವಲ್ಲ, ನೀ ಸಾಲಿ ಕಲತಾಕಿ. ನನ್ನ ಒಂದ ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗತಿತ್ತು? ಉಪ್ಪು ಬಿದ್ದ ನೆಲದಾಗ ಕರಿಕಿನೂ ಏಳೂದಿಲ್ಲ ಅಂತ ನಮ್ಮೂರಾಗ ಎತ್ತಿಗೂ ಗೊತ್ತೈತಿ."

"ತಪ್ಪಾತ್ರಿ."

"ತಡಿ. ಅಂದ್ರ ನನ್ನ ಪೂಜಾದಾಗ ಕುಂದು ಇಲ್ಲ?"

"ಇಲ್ರಿ."

"ನೀರಿಂದೂ ತಪ್ಪಲ್ಲ?"

"ಅಲ್ರಿ."

"ಹಂಗಾದ್ರ ಎಲ್ಲಾ ನಿಂದ ತಪ್ಪು."

"ನಂದರಿ ಅತ್ತಿ."

ಅವರು ಕಾಲು ಚಾಚಿ, ಬೆನ್ನನ್ನು ಗೋಡೆಗೆ ಸರಿಯಾಗಿ ಆನಿಸಿ, ಎರಡು ತಿಂಗಳಿಂದ ಎಲ್ಲೋ ಸಿಕ್ಕಿಕೊಂಡಿದ್ದ ಉಸಿರನ್ನು ಬಿಟ್ಟರು. ದಮ್ಮಿನವರು ಅಷ್ಟು ಉದ್ದದ ಉಸಿರು ಬಿಟ್ಟದ್ದನ್ನು ನಾನು ಮೊದಲು ನೋಡಿರಲಿಲ್ಲ.

"ಹೊಟ್ಟಿ ಹಸದೈತಿ," ಅಂದರು. "ನೀರು ಕಾಸು."

"ಸ್ಟೋವಿನ ಮ್ಯಾಲೆ ಕಾಸತೇನ್ರಿ."

"ಆ ಎಣ್ಣಿ ವಾಸನಿ ನನಗ ಬ್ಯಾಡ. ಡಬ್ಬಿ ಇವತ್ತ ನೀರು ಕಾಸೂದಿಲ್ಲೇನು?"

"ಕಾಸತೈತ್ರಿ. ಆದ್ರ ಮುಟ್ಟಿದ್ರ ಹೊಡೀತೈತಿ."

"ಮುಟ್ಟೂ ಮುಂದ ಅದರ ಕರೆಂಟ್ ತಗದು ನಿನ್ನ ಕೈಯಾಗ ಹಿಡಕೋ. ನೀ ಕೈಯಾಗ ಹಿಡದಿರೂತನಕ ಅದು ಎಲ್ಲಿಂದ ಹೊಡೀತೈತಿ?"

ನನಗೆ ಹೊಳೆಯದ ಮಾತು. ಇದು ಸರಿಯಾದ ಪದ್ಧತಿಯಲ್ಲ, ಸೀಳಿದ ಎಲಿಮೆಂಟಿಗೆ ಪ್ಲಗ್ ಹಾಕಲೇಬಾರದು, ಇಂದು ಯಾರಾದರೂ ಕೇಳಿದರೆ ಬೈಯುತ್ತೇನೆ. ಅಂದು ಹಾಕಿದೆ. ಬಚ್ಚಲಿಗೆ ಹೊರಗಿಂದ ಚಿಲಕ ಹಾಕಿ, ಮುಕ್ಕಾಲು ತಾಸು ಬಾಗಿಲಿಗೆ ಅಡ್ಡ ಕೂತೆ. ಆಮೇಲೆ ಪ್ಲಗ್ ಕಿತ್ತು, ಟೆಸ್ಟರ್ ಹಚ್ಚಿ ನೋಡಿ, ಮೊದಲು ನಾನೇ ನಳ ಮುಟ್ಟಿ, ಅವರನ್ನು ಒಳಗೆ ಕಳಿಸಿದೆ. ಮೂರು ಕಾಲಿನ ಆ ದಪ್ಪ ಕರಿ ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನಿಂತೆ.

ಒಳಗಿಂದ ನೀರಿನ ಸಪ್ಪಳ ನಿಂತಿತು.

"ಕೈಯಾಗ ಐತೇನ?"

"ಐತ್ರಿ ಅತ್ತಿ."

ಮತ್ತೆ ನೀರಿನ ಸಪ್ಪಳ. ಎರಡು ತಂಬಿಗೆಗೊಮ್ಮೆ ಕೇಳಿದರು, ಎರಡು ತಂಬಿಗೆಗೊಮ್ಮೆ ಹೇಳಿದೆ. ಅಂದು ಪೂಜೆಗೆ ಪತ್ರಿ ಇರಲಿಲ್ಲ, ಬರೇ ವಿಭೂತಿಯಲ್ಲೇ ಮುಗಿಸಿದರು. ಮಧ್ಯಾಹ್ನ ಮೂರಕ್ಕೆ ಮೂರು ರೊಟ್ಟಿ ಉಂಡರು, ರಾತ್ರಿ ಮತ್ತೆ ಎರಡು.

ಊಟವಾದ ಮೇಲೆ ನಾನು ಗುಂಡಿಗೆ ಆರು ಕೊಡ ನೀರು ಸುರಿದು, ಪರೀಕ್ಷೆಗೆಂದು ಒಂದು ಸಲ ಪ್ಲಗ್ ಹಾಕಿದೆ. ಫ್ಯೂಸ್ ಟಪ್ ಎಂದು ಹಾರಿತು. ನಾನು ಕೈ ಚಪ್ಪಾಳೆ ಹೊಡೆದೆ.

"ಮತ್ತ ಕೆಟ್ಟಿತೇನು?" ಅಂದರು ಅತ್ತೆ.

"ಇಲ್ರಿ, ಶಾಣ್ಯಾ ಆತು."

ಅತ್ತೆಯವರು ಮರುದಿನದ ಬಸ್ಸಿನ ಸುದ್ದಿ ಎತ್ತಲಿಲ್ಲ. ಅದರ ಬದಲು ಮಿಸ್ತ್ರಿಯನ್ನು ಕರೆಸಿ ಹಿತ್ತಲಲ್ಲಿ ನಿಲ್ಲಿಸಿಕೊಂಡು, ಹಸಿ ನೆಲ ಬೇಕಾದರೆ ಮುಸುರೆ ತಿಕ್ಕುವ ಕಲ್ಲಿನ ಹತ್ತಿರ ನಾಲಿಗೆ ಚಾಚಿಕೊಂಡು ಬಿದ್ದಿದೆ, ಅದು ನಿನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದರು. ಮಿಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡು, "ಆಯಿ ಮದುವಿಗೆ ಹೋಗಬಾರದಾಗಿತ್ರಿ" ಅಂದರು. ಪೈಪು ಅಲ್ಲಿಗೆ ಹೋಯಿತು. ಹೊಸ ಎಲಿಮೆಂಟು ಬರುವ ತನಕ ಆರು ದಿನ ಅತ್ತೆಯವರು ಸ್ಟೋವಿನ ನೀರಿನಲ್ಲೇ ಸ್ನಾನ ಮಾಡಿ, ಎಣ್ಣೆಯ ವಾಸನೆಗೆ ಕೆಮ್ಮಿದರು. ಕೆಮ್ಮಿದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು. ಸೀರೆ ತುಂಬುವ ಚೀಲವನ್ನು ಮಾತ್ರ ಗೂಟದಿಂದ ಇಳಿಸಲಿಲ್ಲ.

ಎಲಿಮೆಂಟು ಬಂತು, ಅರ್ಥಿಂಗ್ ಪರ್ಫೆಕ್ಟ್ ಆಯಿತು, ಟೆಸ್ಟರ್ ಎಲ್ಲಿ ಹಚ್ಚಿದರೂ ದೀಪ ಹತ್ತಲಿಲ್ಲ. ಇನ್ನು ಪ್ಲಗ್ ಹಿಡಿಯುವ ಅವಶ್ಯಕತೆ ಇಲ್ಲ ಎಂದು ಅತ್ತೆಯವರಿಗೆ ವಿವರಿಸಿದೆ. ಅವರು ಕೇಳಿಸಿಕೊಂಡರು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಮುಂದೆ ಮಾಡಿ, "ಹಿಡಕೊಂಡಿ ಏನ?" ಅಂದರು.

ಹಿಡಿದುಕೊಂಡೆ. ಬಾಗೇವಾಡಿಗೆ ವರ್ಗವಾದ ಮೇಲೂ ಹಿಡಿದುಕೊಂಡೆ. ದಿನಾ ಮುಂಜಾನೆ ಹದಿನೈದು ಇಪ್ಪತ್ತು ಮಿನಿಟು ಬಾಗಿಲ ಆಚೆ ಅವರು, ಈಚೆ ನಾನು. ಸುಮ್ಮನೆ ಎಷ್ಟು ಹೊತ್ತು ನಿಲ್ಲುವುದು? ಮಾತು ಶುರುವಾಯಿತು. ಎದುರು ಕೂತರೆ ಹೇಳದ ಸಂಗತಿಗಳನ್ನು ಅವರು ಬಾಗಿಲಿನ ಆಚೆಯಿಂದ, ನೀರಿನ ನಡುವೆ ಹೇಳುತ್ತಿದ್ದರು: ಹನ್ನೊಂದಕ್ಕೆ ಮದುವೆಯಾದದ್ದು, ತೀರಿಹೋದ ಎರಡು ಮಕ್ಕಳು, ಮಾವನವರ ಸಿಟ್ಟು. ನಾನು ಬೋರ್ಡಿಂಗಿನ ಬೆಲ್ಲುಗಳ ವಿಷಯ ಹೇಳುತ್ತಿದ್ದೆ. ತಾಯಿಯ ಮುಖ ನನಗೆ ನೆನಪಿಲ್ಲ ಎಂದು ನಾನು ಯಾರಿಗಾದರೂ ಹೇಳಿದ್ದರೆ ಅದು ಆ ಬಾಗಿಲಿಗೆ. ಒಳಗೆ ತಂಬಿಗೆ ನಿಂತಿತು, "ಮ್ಯಾಲ ಇನ್ನೊಂದ ಕೊಡಾ ನೀರು ಹಾಕ ನಾಳಿಂದ, ಸಾಲವಲ್ದು" ಎಂದರು. ನೀರು ಸಾಲುತ್ತಿತ್ತು. ಮರುದಿನದಿಂದ ಮೂರು ಕೊಡ ಹಾಕಿದೆ, ನಮ್ಮ ಮಾತು ಅರ್ಧ ತಾಸಿಗೆ ಹೋಯಿತು.

ಬಾಗೇವಾಡಿಯ ಕೊನೆಯ ಚಳಿಗಾಲದಲ್ಲಿ ಅವರಿಗೆ ಒಬ್ಬರೇ ಬಗ್ಗಿ ನೀರು ಹಾಕಿಕೊಳ್ಳುವುದು ಆಗದಾಯಿತು. ಎದೆಯದಲ್ಲ, ಮೊಣಕಾಲಿನದು. ನಾನು ಒಳಗೆ ಹೋಗಿ ಎರೆಯತೊಡಗಿದೆ. ಮೊದಲ ದಿನ ತಂಬಿಗೆ ಎತ್ತುವಷ್ಟರಲ್ಲಿ ನನ್ನ ಕೈ ಹಿಡಿದರು.

"ನೀ ಒಳಗ ಬಂದ್ರ ಅದನ್ನ ಹಿಡದವರು ಯಾರು?"

ನಾನು ಬಾಗಿಲಿನ ಕಡೆ ತಿರುಗಿ ಅದನ್ನೇ ಕೇಳಿದೆ. ತಾಲೂಕಿನ ಅರ್ಧ ಭೂಮಿ ಅಳೆದ ಮನುಷ್ಯ ಹೊರಗಿಂದ ಬಹಳ ಸೀರಿಯಸ್ಸಾಗಿ ಉತ್ತರ ಕೊಟ್ಟರು.

"ನನ್ನ ಕೈಯಾಗ ಐತಿ, ಯವ್ವಾ."

"ಗಟ್ಟಿ ಹಿಡಿ," ಎಂದು ಅತ್ತೆಯವರು ನನ್ನ ಕೈ ಬಿಟ್ಟು ಬೆನ್ನು ತಿರುಗಿಸಿದರು. ನಾನು ನೀರು ಹಾಕಿದೆ.